ಒಂಬತ್ತು ವರ್ಷದ ಡಿಫರೆನ್ಸ್

ಹೊಲದ ಮನೆ, ಸುರಪುರ ತಾಲೂಕು
೨೮ ಏಪ್ರಿಲ್ ೨೦೨೫

ಬಸಲಿಂಗ ಮಾಮಾ ಅವರಿಗೆ,

ನಾನು ಮೌನೇಶ್ವರಿ, ನಿಮ್ಮ ತಿಮ್ಮವ್ವಕ್ಕನ ಮಗಳು. ನೀವೂ ಅಪ್ಪನೂ ಮಾತು ಬಿಟ್ಟಾಗ ನಾನು ಎಂಟನೇ ಕ್ಲಾಸಿನಲ್ಲಿದ್ದೆ, ಈಗ ಇಪ್ಪತ್ತೆರಡು ತುಂಬಿದೆ. ಫೋನ್ ಮಾಡೋಣವೆಂದರೆ ತಗಡು ಬಡಿದೂ ಬಡಿದೂ ನಿಮ್ಮ ಕಿವಿ ಹೋಗಿವೆ, ಫೋನಿನಲ್ಲಿ ಹಲೋ ಬಿಟ್ಟು ಬೇರೇನೂ ತಿಳಿಯುವುದಿಲ್ಲ ಎಂದು ಅವ್ವ ಹೇಳಿದಳು. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ಅಪ್ಪನಿಗೆ ಗೊತ್ತಿಲ್ಲ. ಗೊತ್ತಾದರೂ ನಾನು ಹೆದರುವವಳಲ್ಲ.

ಅವ್ವನ ಎರಡೂ ಕಿಡ್ನಿ ಕೆಲಸ ಬಿಟ್ಟಿವೆ. ಹೋದ ವರ್ಷದಿಂದ ಡಯಾಲಿಸಿಸ್ ನಡೆದಿದೆ. ಯಾದಗಿರಿಯಲ್ಲಿ ಪಾಳಿ ಸಿಕ್ಕಿದೆ, ಸೋಮವಾರ ಒಮ್ಮೆ, ಗುರುವಾರ ಒಮ್ಮೆ. ಅಪ್ಪ ಕುರಿ ಬಿಟ್ಟು ಬರುವಂತಿಲ್ಲ, ಹಾಗಾಗಿ ಜೀಪು ನಾನೇ ಓಡಿಸುತ್ತೇನೆ. ಲೈಸೆನ್ಸ್ ಇದೆ, ಚಿಂತೆ ಬೇಡ. ವಾರಕ್ಕೆ ಎರಡು ಸಲ ಶಹಾಪುರದಲ್ಲಿ ನಿಮ್ಮ ಗ್ಯಾರೇಜಿನ ಮುಂದಿನಿಂದಲೇ ಹೋಗುತ್ತೇವೆ. ಅವ್ವ ಬೇಕೆಂತಲೇ ಆ ಮಗ್ಗುಲಿಗೆ ಕೂಡುತ್ತಾಳೆ. ಒಮ್ಮೆ ನೀವು ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದಿರಿ. "ಬಸ್ಯಾ ಸೊರಗ್ಯಾನ" ಎಂದಳು. ಆಮೇಲೆ ಗ್ಯಾರೇಜು ಮರೆಯಾಗುವ ತನಕ ಹಿಂದೆ ತಿರುಗಿ ನೋಡುತ್ತಿದ್ದಳು.

ಹೋದ ಮಳೆಗಾಲದಲ್ಲಿ ನಮ್ಮ ಹೊಲದಿಂದ ಡಾಂಬರು ರಸ್ತೆಗೆ ಹೋಗುವ ಜಿಗುಟು ಕಪ್ಪು ಎರಿಮಣ್ಣಿನ ದಾರಿಯಲ್ಲಿ ಜೀಪು ಹೂತು ಒಂದು ಪಾಳಿ ತಪ್ಪಿತು. ಅವ್ವನಿಗೆ ಮೈಯೆಲ್ಲ ನೀರು ತುಂಬಿ ಉಸಿರು ಹಿಡಿಯಿತು. ಟ್ರ್ಯಾಕ್ಟರ್ ಸಿಕ್ಕಿತು, ಬದುಕಿದಳು. ಇನ್ನೊಮ್ಮೆ ಪಾಳಿ ತಪ್ಪಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದ್ದಾರೆ.

ಮಾಮಾ, ಒಂದೇ ಮಾತು. ಅಪ್ಪ ಒಪ್ಪಲಿ ಬಿಡಲಿ, ಈ ಮಳೆಗಾಲದೊಳಗೆ ಡಿಫರೆನ್ಸ್ ತೆಗೆಯಲೇಬೇಕು. ಒಂಬತ್ತು ವರ್ಷದಿಂದ ಹಾಗೇ ಬಿಟ್ಟಿದ್ದೇವೆ. ಅವ್ವ ಅದನ್ನೇ ನೆನೆಸಿ ಅಳುತ್ತಾಳೆ. ಇದು ನಿಮ್ಮ ಕೈಯಿಂದಲೇ ಆಗಬೇಕಾದ ಕೆಲಸ.

ನಿಮ್ಮ ಸೊಸೆ
ಮೌನೇಶ್ವರಿ


ಶಹಾಪುರ
೬ ಮೇ ೨೦೨೫

ಮೌನಿ,

ನಿನ್ನ ಕಾಗದ ಶನಿವಾರ ಬಂತು. ಅಕ್ಕನ ಸುದ್ದಿ ಓದಿ ನಿಂತವನು ಅಲ್ಲೇ ಕೂತೆ. ಒಂದು ವರ್ಷದಿಂದ ನನ್ನ ಅಕ್ಕ ನನ್ನ ಬಾಗಿಲ ಮುಂದೆ ಹಾದು ಹೋಗುತ್ತಾಳೆ, ನನಗೆ ಖಬರಿಲ್ಲ. ಬೈಯಬೇಕೆಂದರೆ ಯಾರನ್ನು ಬೈಯಲಿ. ನೀನಾದರೂ ಬರೆದೆ, ನಿನ್ನ ಹೊಟ್ಟೆ ತಣ್ಣಗಿರಲಿ.

ಈಗ ಕೆಲಸದ ಮಾತು. ಡಿಫರೆನ್ಸ್ ಒಂಬತ್ತು ವರ್ಷದಿಂದ ತೆಗೆದಿಲ್ಲ ಎಂದು ಬರೆದಿದ್ದೀಯ. ಇದು ಗಾಡಿ ಇಟ್ಟುಕೊಳ್ಳುವವರ ಲಕ್ಷಣವಲ್ಲ. ಅದರ ಎಣ್ಣೆಯನ್ನಾದರೂ ಆಗಾಗ ಬದಲಿಸಬೇಕಿತ್ತು. ನಿಮ್ಮಪ್ಪನಿಗೆ ಕುರಿಯ ಗೊರಸು ನೋಡಲು ಹೊತ್ತಿದೆ, ಗಾಡಿಯ ಹೊಟ್ಟೆ ನೋಡಲು ಹೊತ್ತಿಲ್ಲ. ಸಪ್ಪಳ ನೇರ ಹೋಗುವಾಗ ಬರುತ್ತದೋ, ತಿರುವಿನಲ್ಲೋ? ಎಕ್ಸಲೇಟರ್ ಬಿಟ್ಟ ಕೂಡಲೇ ಗುಂಯ್ ಅನ್ನುತ್ತದೋ? ಹಿಂದಿನ ಎರಡು ಗಾಲಿಗಳ ನಡುವೆ ಗುಂಡಗೆ ಉಬ್ಬಿರುತ್ತದಲ್ಲ, ಅದೇ ಡಿಫರೆನ್ಸಿನ ಮನೆ, ಅದರ ಕೆಳಗೆ ಎಣ್ಣೆ ಸೋರಿದ ಗುರುತು ಇದೆಯೋ? ಕೆಳಗೆ ಮಲಗಿ ನೋಡಿ ಬರೆ. ಸೀರೆ ಉಟ್ಟು ಮಲಗಬೇಡ, ಹಾಳಾಗುತ್ತದೆ.

ಒಂದು ಮಾತು ತಿಳಿಯಲಿಲ್ಲ. ಡಿಫರೆನ್ಸ್ ಸಲುವಾಗಿ ಅಕ್ಕ ಅಳುವುದು ಯಾಕೆ? ಸಣ್ಣವಳಿದ್ದಾಗ ಆಕೆಗೆ ಗಾಡಿ ಎಂದರೆ ಆಗುತ್ತಿರಲಿಲ್ಲ, ಹತ್ತಿದ ಕೂಡಲೇ ವಾಂತಿ. ಈಗ ಜೀಪಿನ ಮೇಲೆ ಇಷ್ಟು ಜೀವ ಹೇಗೆ ಬಂತು?

ಆಕೆಗೆ ಹೇಳು, ಬಸ್ಯಾ ಸೊರಗಿಲ್ಲ, ದವಡೆಯ ಹಲ್ಲು ಕೀಳಿಸಿಕೊಂಡಿದ್ದಾನೆ ಅಷ್ಟೇ.

ನಿನ್ನ ಮಾಮಾ
ಬಸಲಿಂಗ


ಯಾದಗಿರಿ, ಆಸ್ಪತ್ರೆಯ ಬೆಂಚು
೧೨ ಮೇ ೨೦೨೫

ಮಾಮಾ,

ಅವ್ವನಿಗೆ ಮಶೀನು ಹಚ್ಚಿದ್ದಾರೆ. ನಾಲ್ಕು ತಾಸು ನನಗೆ ಬೆಂಚೇ ಗತಿ, ಅದಕ್ಕೆ ಇಲ್ಲಿಂದಲೇ ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಅವ್ವನಿಗೆ ಓದಿ ಹೇಳಿದೆ. ಡಿಫರೆನ್ಸ್ ಸಲುವಾಗಿ ಅಕ್ಕ ಯಾಕೆ ಅಳುತ್ತಾಳೆ ಎಂಬಲ್ಲಿಗೆ ಬಂದಾಗ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ಅವಳು ಹಾಗೆ ನಕ್ಕು ಎಷ್ಟು ತಿಂಗಳಾಗಿತ್ತೋ. ಮಾಮಾ, ನಾನು ಬರೆದದ್ದು ಜೀಪಿನ ಡಿಫರೆನ್ಸ್ ಅಲ್ಲ. ನಿಮ್ಮಿಬ್ಬರ ನಡುವೆ ಬಂದದ್ದು. ನಮ್ಮ ಊರಲ್ಲಿ ಈಗ ಯಾರು ಯಾರ ಕೂಡ ಮಾತು ಬಿಟ್ಟರೂ "ಅವರಾಗ ಡಿಫರೆನ್ಸ್ ಬಂದದ" ಅನ್ನುವುದು ರೂಢಿ. ಮೆಕ್ಯಾನಿಕ್ಕರಿಗೆ ಬರೆಯುವಾಗ ನಾನು ವಿಚಾರ ಮಾಡಬೇಕಿತ್ತು. "ಅವನ ತಲ್ಯಾಗ ನಟ್ಟು ಬೋಲ್ಟೇ ತುಂಬ್ಯಾವ ನೋಡು" ಎಂದಳು ಅವ್ವ. ಆಮೇಲೆ ಕಾಗದ ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ, ಬಹಳ ಹೊತ್ತು ನೋಡಿದಳು.

ಆದರೂ ನೀವು ಕೇಳಿದಿರಿ ಎಂದು ಜೀಪಿನ ಕೆಳಗೆ ಮಲಗಿ ನೋಡಿದೆ. ಎಣ್ಣೆ ಸೋರಿಲ್ಲ, ಸಪ್ಪಳವೂ ಇಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ಹೋದ ವರ್ಷ ಎರಿಯಲ್ಲಿ ಸಿಕ್ಕಾಗ ಎಡಗಾಲಿ ಒಂದೇ ಗಿರಗಿರ ತಿರುಗಿ ಹೂಳುತ್ತ ಹೋಯಿತು. ಬಲಗಾಲಿ ಗಟ್ಟಿ ನೆಲದ ಮೇಲಿದ್ದೂ ಅಲುಗಲಿಲ್ಲ. ನಮ್ಮ ಜೀಪಿನಲ್ಲಿ ಮುಂದಿನ ಗಾಲಿಗೆ ಎಂಜಿನ್ನಿನ ಜೋರು ಹೋಗುವುದಿಲ್ಲ, ನಿಮಗೆ ಗೊತ್ತೇ ಇದೆ. ಇದಕ್ಕೆ ಏನಾದರೂ ಉಪಾಯ ಇದೆಯೇ? ಮಳೆಗೆ ಇನ್ನು ಒಂದು ತಿಂಗಳೂ ಇಲ್ಲ.

ತಪ್ಪಾಗಿ ತಿಳಿದುಕೊಂಡಾದರೂ ನೀವು ಉತ್ತರ ಬರೆದಿರಿ. ನಿಮಗೆ ಹೇಗೆ ಶರಣು ಹೇಳಬೇಕೋ ತಿಳಿಯುವುದಿಲ್ಲ.

ಮೌನೇಶ್ವರಿ


ಶಹಾಪುರ
೧೮ ಮೇ ೨೦೨೫

ಮೌನಿ,

ನಿನ್ನ ಕಾಗದ ಓದಿ ನನ್ನ ಮರ್ಯಾದೆ ನಾನೇ ಕಳೆದುಕೊಂಡೆ. ನಗಲಿ, ಅಕ್ಕ ನಕ್ಕಷ್ಟೂ ಒಳ್ಳೆಯದು. ಬೇಕಾದರೆ ಇನ್ನೆರಡು ತಪ್ಪು ಮಾಡುತ್ತೇನೆ.

ಒಂದು ಗಾಲಿ ತಿರುಗಿ ಇನ್ನೊಂದು ಸುಮ್ಮನೆ ನಿಲ್ಲುವುದು ದೋಷವಲ್ಲ, ಅದರ ಗುಣವೇ ಹಾಗೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದಾರಿ ಸುತ್ತಬೇಕು, ಒಳಗಿನದು ಕಡಿಮೆ. ಎರಡಕ್ಕೂ ತಮ್ಮ ತಮ್ಮ ಓಟ ಬಿಟ್ಟುಕೊಡುವುದೇ ಡಿಫರೆನ್ಸಿನ ಕೆಲಸ. ಆದರೆ ಕೆಸರು ಬಂದಾಗ ಯಾವ ಗಾಲಿ ಜಾರುತ್ತದೋ ಅದಕ್ಕೇ ಓಟವೆಲ್ಲ ಹೋಗುತ್ತದೆ, ಗಟ್ಟಿ ನೆಲದ ಗಾಲಿಗೆ ಏನೂ ಸಿಗುವುದಿಲ್ಲ.

ಬೇರೊಂದು ಜಾತಿಯದು ಇದೆ. ಅದರೊಳಗೆ ತೆಳ್ಳನೆಯ ಪ್ಲೇಟುಗಳನ್ನು ಒಂದರ ಮೇಲೊಂದು ಅಡಕಿರುತ್ತಾರೆ. ಒಂದು ಗಾಲಿ ಹುಚ್ಚೆದ್ದು ತಿರುಗತೊಡಗಿದರೆ ಆ ಪ್ಲೇಟುಗಳು ಅದನ್ನು ಹಿಡಿದು ಜಗ್ಗಿ, ಸುಮ್ಮನಿದ್ದ ಗಾಲಿಗೂ ಪಾಲು ಕೊಡುತ್ತವೆ. ಲಿಮಿಟೆಡ್ ಸ್ಲಿಪ್ ಅನ್ನುತ್ತಾರೆ, ನಾನು ಪ್ಲೇಟ್ ಡಿಫರೆನ್ಸ್ ಅನ್ನುತ್ತೇನೆ. ಮಿಲಿಟರಿ ಡಿಸ್ಪೋಸಲ್‌ನಲ್ಲಿ ಮಾರಾಟಕ್ಕೆ ಬಂದ ಹಳೇ ಜೀಪೊಂದರಿಂದ ಬಿಚ್ಚಿದ್ದು ನನ್ನ ಹತ್ತಿರ ಆರು ವರ್ಷದಿಂದ ಗ್ರೀಸ್ ಹಚ್ಚಿಕೊಂಡು ಬಿದ್ದಿದೆ. ಎಷ್ಟೋ ಜನ ಕೇಳಿದರು, ಕೊಡಲು ಮನಸ್ಸಾಗಿರಲಿಲ್ಲ. ಯಾಕೆಂದು ಈಗ ತಿಳಿಯಿತು.

ನಿಮ್ಮ ಅಚ್ಚಿಗೆ ಅದು ಕೂಡುತ್ತದೋ ನೋಡಬೇಕು. ಹಿಂದಿನ ಗಾಲಿಯ ಶಾಫ್ಟ್ ಹೊರಗೆಳೆದು ಅದರ ಒಳತುದಿಯ ಹಲ್ಲು ಎಣಿಸು. ಹತ್ತೊಂಬತ್ತು ಇದ್ದರೆ ನಮ್ಮ ಪುಣ್ಯ.

ತೊಡಕು ಇರುವುದು ಬೇರೆ ಕಡೆ. ಒಂಬತ್ತು ವರ್ಷದ ಹಿಂದೆ ನನ್ನ ಕೈಯಿಂದ ರಿಪೇರಿ ಆಗಿ ಹೋದ ನಿಮ್ಮ ಜೀಪಿನ ಹಿಂದಿನ ಗಾಲಿ ದೋರನಹಳ್ಳಿಯ ಹತ್ತಿರ ಕಳಚಿಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ. ನಿಮ್ಮಪ್ಪ ಸೀದಾ ಬಂದು ನಾಲ್ಕು ಮಂದಿ ಗಿರಾಕಿಗಳ ಮುಂದೆ, "ಈ ಕಿವುಡನ ಕೈಯಾಗ ಗಾಡಿ ಕೊಟ್ಟದ್ದು ನನ್ನ ತಪ್ಪು. ಇನ್ನ ಈ ಜೀಪು ನಿನ್ನ ಗ್ಯಾರೇಜಿನ ಬಾಗಲಾ ತುಳಿಯಂಗಿಲ್ಲ" ಅಂದ. ಬರೇ ಅಂದದ್ದಲ್ಲ, ಉಡಿಯಿಂದ ದೇವರ ಅರಿಶಿನ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡು ಆಣೆ ಮಾಡಿದ. ನಾನು ನಟ್ಟು ಬಿಗಿದಿದ್ದೆ. ಬಿಗಿದಿದ್ದೆ ಎಂದು ಹೇಳಲೂ ಬಿಡಲಿಲ್ಲ.

ಭಂಡಾರದ ಆಣೆ ಮುರಿಯಿರಿ ಎಂದು ನಾನು ಹೇಳಲಾರೆ. ನೀನು ಏನು ಮಾಡುತ್ತೀಯೋ ಮಾಡು, ಪ್ಲೇಟ್ ಡಿಫರೆನ್ಸ್ ತೊಳೆದು ಒರೆಸಿ ಇಟ್ಟಿರುತ್ತೇನೆ.

ಬಸಲಿಂಗ


ಯಾದಗಿರಿ, ಅದೇ ಬೆಂಚು
೨೬ ಮೇ ೨೦೨೫

ಮಾಮಾ,

ಹತ್ತೊಂಬತ್ತು. ಮೂರು ಸಲ ಎಣಿಸಿದೆ.

ಅಪ್ಪ ಕುರಿ ಹೊಡೆದುಕೊಂಡು ಹೋದ ಮೇಲೆ ಶಾಫ್ಟ್ ಎಳೆದಿದ್ದೆ. ಅವತ್ತೇ ಕುಂಟುವ ಮರಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ನಡುಮಧ್ಯಾಹ್ನ ತಿರುಗಿ ಬಂದ. ನನ್ನ ಕೈಯಲ್ಲಿ ಶಾಫ್ಟ್, ಕಟ್ಟೆಯ ಮೇಲೆ ನಿಮ್ಮ ಕಾಗದ. ಮುಚ್ಚಿಡಲು ಹೊತ್ತಿರಲಿಲ್ಲ, ಎಲ್ಲ ಹೇಳಿಬಿಟ್ಟೆ.

"ಆಣಿ ಮಾಡೀನಿ. ಜೀಪು ಅವನ ಗ್ಯಾರೇಜಿಗೆ ಹೋಗಂಗಿಲ್ಲ" ಎಂದ ಅಪ್ಪ.

ಒಳಗೆ ಮಲಗಿದ್ದ ಅವ್ವ ಎದ್ದು ಬಂದಳು. ಬಾಗಿಲು ಹಿಡಿದು ನಿಂತು ಕೇಳಿದಳು. "ಗಾಲಿ ಅಚ್ಚು ಇಲ್ದದ್ದು ಜೀಪ್ ಹೆಂಗಾಗ್ತದ?"

"ಆಗಂಗಿಲ್ಲ."

"ಹಂಗಾರ ಜೀಪಿನಿಂದ ಬಿಚ್ಚಿದ ಅಚ್ಚು?"

"ಅದು ಕಬ್ಬಣ."

"ಆಣಿ ಜೀಪಿನ ಮ್ಯಾಲ ಅದ. ಜೀಪು ಇಲ್ಲೇ ಕಲ್ಲಿನ ಮ್ಯಾಲ ಕುಂದರ್ಲಿ. ಕಬ್ಬಣ ಶಹಾಪುರಕ್ಕ ಹೋಗಿ ಬರ್ಲಿ."

ಅಪ್ಪ ಮರಿಯನ್ನು ಹೆಗಲಿನಿಂದ ಇಳಿಸಿ ಅದರ ಕುಂಟು ಕಾಲು ನೋಡಿದ. ಸಂಜೆ ನಮ್ಮ ದೇವರ ಪೂಜಾರಿಯ ಮನೆಗೆ ನಡೆದುಕೊಂಡು ಹೋದ. ತಿರುಗಿ ಬಂದು ಕೈಕಾಲು ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದ. "ಪೂಜಾರಿ ಅಂದಾನ, ನಡೀತದ." ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಜೀಪಿನ ಕೆಳಗೆ ಕಲ್ಲು ಪೇರಿಸಿ, ಅಚ್ಚನ್ನು ಹಿಡಿದ ಕಮಾನ್ ಪಾಟಾದ ಬೋಲ್ಟುಗಳಿಗೆ ಎಣ್ಣೆ ಬಿಡುತ್ತಿದ್ದ.

ಗುರುವಾರದ ಪಾಳಿ ಮುಗಿಸಿ ಬಂದ ಕೂಡಲೇ ಅಚ್ಚು ಬಿಚ್ಚುತ್ತೇವೆ. ಪಕ್ಕದ ಹೊಲದ ಮರಿಲಿಂಗನ ಟೆಂಪೋ ಶುಕ್ರವಾರ ಕುರಿ ಹೇರಿಕೊಂಡು ಶಹಾಪುರಕ್ಕೆ ಬರುತ್ತದೆ, ಅದರಲ್ಲೇ ಕಳಿಸುತ್ತೇವೆ. ಭಾನುವಾರ ತಿರುಗಿ ನಮ್ಮ ಕೈಗೆ ಬರಲೇಬೇಕು. ಸೋಮವಾರ ಜೀಪು ಇಲ್ಲದಿದ್ದರೆ ಅವ್ವನ ಪಾಳಿ ಇಲ್ಲ. ಇದೊಂದು ನಿಮ್ಮ ಮೇಲಿದೆ ಮಾಮಾ.

ಮೌನೇಶ್ವರಿ


ಶಹಾಪುರ
೩೧ ಮೇ ೨೦೨೫

ಮೌನಿ,

ಈ ಕಾಗದ ಅಚ್ಚಿನ ಜೊತೆಗೇ ಮರಿಲಿಂಗನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿದ ಮೇಲೆಯೇ ಜೋಡಿಸಿ.

ಮೊದಲು ಇದು. ಅಚ್ಚು ಟೆಂಪೋದಿಂದ ಇಳಿದಾಗ ಒಂದು ಚೂರೂ ಕೆಸರಿರಲಿಲ್ಲ. ಡೀಸೆಲ್ ಹಾಕಿ ಉಜ್ಜಿ, ಬೋಲ್ಟುಗಳನ್ನೆಲ್ಲ ಎಣಿಸಿ ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದಾರೆ. ಈ ಗಂಟು ಹಾಕುವ ರೀತಿ ಕುರಿಗಾರರದು, ನಿನ್ನದಲ್ಲ. ಮೂವತ್ತು ವರ್ಷದಲ್ಲಿ ಯಾವ ಗಿರಾಕಿಯೂ ನನಗೆ ಹೀಗೆ ಸಾಮಾನು ಕಳಿಸಿಲ್ಲ. ನನ್ನ ಮಾವನಿಗೆ, ಅಂದರೆ ನಿಮ್ಮಪ್ಪನಿಗೆ, ಹೇಳು.

ನಿಮ್ಮದೇ ಕ್ರೌನ್ ಗೇರನ್ನು, ಅಂದರೆ ದೊಡ್ಡ ಹಲ್ಲುಗಾಲಿಯನ್ನು, ಪ್ಲೇಟ್ ಡಿಫರೆನ್ಸಿನ ಪೆಟ್ಟಿಗೆಗೆ ಕೂಡಿಸಿದ್ದೇನೆ. ಕ್ರೌನಿನ ಹಲ್ಲು ಅದನ್ನು ತಿರುಗಿಸುವ ಸಣ್ಣ ಪಿನಿಯನ್ನಿನ ಹಲ್ಲಿಗೆ ಎಲ್ಲಿ ತಾಗುತ್ತದೆ ಎಂದು ನೋಡಲು ನಾನು ಕುಂಕುಮ ಎಣ್ಣೆಯಲ್ಲಿ ಕಲೆಸಿ ಹಚ್ಚುತ್ತೇನೆ, ತಾಗಿದ ಕಡೆ ಅಳಿಸುತ್ತದೆ. ನಿನ್ನೆ ಹಲ್ಲಿನ ತುದಿಗೆ ತಾಗುತ್ತಿತ್ತು. ಹಾಗೇ ಬಿಟ್ಟಿದ್ದರೆ ವರ್ಷದೊಳಗೆ ಹಲ್ಲು ತಿಂದುಹೋಗುತ್ತಿತ್ತು. ಐದು ಸಲ ಬಿಚ್ಚಿ ತೆಳ್ಳನೆಯ ಶಿಮ್ ತಗಡು ಹಾಕಿ ತೆಗೆದು ಹಾಕಿ ತೆಗೆದು, ಇವತ್ತು ಮಧ್ಯಾಹ್ನ ನಡುವಿಗೆ ಬಂತು. ಬೇರೆಯವರು ಗೇರಿನ ಸಪ್ಪಳ ಕಿವಿಯಿಂದ ನೋಡುತ್ತಾರೆ. ನಾನು ಡಿಫರೆನ್ಸಿನ ಮನೆಯ ಮೇಲೆ ಬೆರಳಿಟ್ಟು ನೋಡುತ್ತೇನೆ. ಅದುರಲಿಲ್ಲ. ಇದನ್ನೂ ಮಾವನಿಗೆ ಹೇಳು, ಸಿಟ್ಟಿನಿಂದಲ್ಲ, ತಿಳಿದಿರಲಿ ಎಂದು.

ಇನ್ನು ಎಚ್ಚರದ ಮಾತು. ಡಬ್ಬಿಯಲ್ಲಿ ಕಳಿಸಿದ ಎಣ್ಣೆಯನ್ನೇ ಹಾಕಬೇಕು. ಇದರಲ್ಲಿ ಪ್ಲೇಟಿಗೆ ಬೇಕಾದ ಮದ್ದು ಬೆರೆತಿದೆ, ಬೇರೆ ಎಣ್ಣೆ ಹಾಕಿದರೆ ತಿರುವಿನಲ್ಲಿ ಗಡಗಡ ಅನ್ನುತ್ತದೆ. ಹಿಂದಿನ ಎರಡೂ ಟೈರು ಒಂದೇ ಅಳತೆಯವು, ಒಂದೇ ಸವಕಳಿಯವು ಇರಲಿ. ಒಂದು ಗಾಲಿಯನ್ನು ಜಾಕಿನ ಮೇಲೆ ಎತ್ತಿ ಗೇರಿನಲ್ಲಿ ಎಂಜಿನ್ ಚಾಲು ಮಾಡಲೇಬೇಡಿ. ಮೊದಲಿನಂತಲ್ಲ, ಈಗ ನೆಲದ ಮೇಲಿನ ಗಾಲಿಯೂ ತಳ್ಳುತ್ತದೆ, ಗಾಡಿ ಜಾಕಿನಿಂದ ಜಿಗಿದು ಮೈಮೇಲೆ ಬರುತ್ತದೆ. ಜೋಡಿಸಿದ ಮೇಲೆ ಬ್ರೇಕಿನ ಪೈಪಿನಲ್ಲಿ ಸೇರಿದ ಗಾಳಿ ತೆಗೆಯಿರಿ.

ಕೆಸರಿನಲ್ಲಿ ಗಾಲಿ ಜಾರತೊಡಗಿದರೆ ರೇಸ್ ಕೊಡಬೇಡ. ಎಡಗಾಲಿನಿಂದ ಬ್ರೇಕನ್ನು ತುಸುವೇ ಮುಟ್ಟಿ, ನಿಧಾನ ಎಕ್ಸಲೇಟರ್ ಒತ್ತು. ಪ್ಲೇಟುಗಳು ಹಿಡಿಯುತ್ತವೆ. ಹಿಡಿಯುತ್ತವೆ ಎಂದು ನಾನು ಹೇಳುತ್ತೇನೆ, ಆದರೂ ಮೊದಲ ಮಳೆ ಬಂದು ಹೋಗುವ ತನಕ ನನಗೆ ಊಟ ರುಚಿಸುವುದಿಲ್ಲ.

ಬಸಲಿಂಗ


ಹೊಲದ ಮನೆ
೧೭ ಜೂನ್ ೨೦೨೫

ಬಸಲಿಂಗನಿಗೆ ನಿನ್ನ ಮಾವ ಹುಲಗಪ್ಪ ಬರೆಯುವುದು.

ಮೌನಿ ತಾನು ಬರೆದು ಕೊಡುತ್ತೇನೆ ಅಂದಳು. ಬೇಡ ಅಂದೆ. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದಲ್ಲಿ ತಿದ್ದಿ ಓದಿಕೋ.

ನಾವು ಅಚ್ಚು ಜೋಡಿಸಿದ ಮೇಲೆ ಎರಡು ವಾರ ಜೀಪು ಒಣ ದಾರಿಯಲ್ಲಿ ಹೋಗಿ ಬಂತು. ನನಗೇನೂ ಫರಕು ಕಾಣಲಿಲ್ಲ. ಇಷ್ಟಕ್ಕೇ ಇಷ್ಟೆಲ್ಲ ಮಾಡಿದನೇ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ.

ಮೊನ್ನೆ ಭಾನುವಾರ ಇಡೀ ದಿನ ಮಳೆ. ಎರಿ ಎದ್ದು ಕಾಲಿಗೆ ಹತ್ತಿ, ಒಂದೊಂದು ಕಾಲು ಎತ್ತಲು ಎರಡು ಕೈ ಬೇಕು. ನಿನ್ನೆ ಸೋಮವಾರ, ಪಾಳಿ. ನಿನ್ನ ಅಕ್ಕನ ಕಾಲು ಆಗಲೇ ಬಾತಿದ್ದವು. ಆಕೆಯನ್ನು ಹಿಂದೆ ಕೂಡಿಸಿ, ನಾನು ಬಡಿಗೆ ಹಿಡಿದು ನೆಲ ತಿವಿಯುತ್ತ ಮುಂದೆ ನಡೆದೆ. ಹೋದ ವರ್ಷ ಹೂತ ಜಾಗಕ್ಕೇ ಬಂದು ಎಡಗಾಲಿ ಕುಸಿಯಿತು. ತಿರುಗಿತು. ಕೆಸರು ನನ್ನ ಮುಖಕ್ಕೆ ಹಾರಿತು. ಮುಗಿಯಿತು ಅಂದುಕೊಂಡು ಟ್ರ್ಯಾಕ್ಟರಿನವನನ್ನು ಕರೆಯಲು ಹೊರಟೆ. "ಅಪ್ಪಾ, ಸರಿ ಹಿಂದಕ್ಕ" ಅಂದಳು ಮೌನಿ. ಎಂಜಿನ್ ಸಪ್ಪಳ ಸಣ್ಣದಾಯಿತು. ಆಮೇಲೆ ಬಲಗಾಲಿ ನೆಲ ಕಚ್ಚಿದ್ದನ್ನು ನನ್ನ ಕಣ್ಣಾರೆ ನೋಡಿದೆ ಬಸಲಿಂಗ. ಮೆಲ್ಲಗೆ ಒಂದು ಮೊಳ, ಎರಡು ಮೊಳ ಬಂತು. ಅಲ್ಲಿಂದ ನಿಲ್ಲಲಿಲ್ಲ, ಡಾಂಬರಿಗೆ ಹತ್ತಿಯೇಬಿಟ್ಟಿತು. ನಿನ್ನ ಅಕ್ಕ ಹಿಂದಿನಿಂದ ಕೈ ಬೀಸಿದಳು. ನಾನು ಅಲ್ಲೇ ಕೆಸರಿನಲ್ಲಿ ಕೂತು ಅತ್ತೆ. ಕುರಿ ಯಾರದೋ ಹೊಲಕ್ಕೆ ನುಗ್ಗಿದ್ದವು, ನನಗೆ ಖಬರಿರಲಿಲ್ಲ.

ಈಗ ಬರೆಯಬೇಕಾದದ್ದು. ಅವತ್ತು ನಿನ್ನ ಗ್ಯಾರೇಜಿನಿಂದ ಹೊರಟ ಮೇಲೆ ದಾರಿಯಲ್ಲಿ ಗಾಲಿ ಪಂಚರ್ ಆಗಿತ್ತು. ಸ್ಟೆಪ್ನಿ ಹಾಕಿದವನು ನಾನು. ಬಿಸಿಲು, ಹಿಂದೆ ಕುರಿ ಒದರುತ್ತಿದ್ದವು, ನಟ್ಟು ಕೈಯಿಂದ ತಿರುವಿ ಪಾನಾ ಹಚ್ಚದೆ ಹೊರಟೆ. ಗಾಲಿ ಕಳಚಿದ್ದು ಅದಕ್ಕೆ. ನಿನಗೆ ಬೈಯುವಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಷ್ಟು ಜೋರಾಗಿ ಬೈದೆ, ದೇವರ ಭಂಡಾರವನ್ನೂ ನಡುವೆ ತಂದೆ. ನಾನು ಕಿವುಡ ಅಂದ ಕೈಯೇ ನನ್ನ ಹೆಂಡತಿಯನ್ನು ಉಳಿಸಿತು.

ಮುಂದಿನ ವಾರ ಶಹಾಪುರಕ್ಕೆ ನಡೆದುಕೊಂಡಾದರೂ ಬರುತ್ತೇನೆ. ನಾಲ್ಕು ಮಂದಿಯನ್ನು ನಿಲ್ಲಿಸು. ಅವರ ಮುಂದೆ ತಪ್ಪಾಯಿತು ಅನ್ನುತ್ತೇನೆ.

ಹುಲಗಪ್ಪ


ಶಹಾಪುರ
೨೧ ಜೂನ್ ೨೦೨೫

ಮಾವಾ,

ನಿಮ್ಮ ಕಾಗದದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ನಾಲ್ಕು ಮಂದಿಯನ್ನು ನಿಲ್ಲಿಸುವುದಿಲ್ಲ. ನಿಮ್ಮದೊಂದು ತಪ್ಪಿದ್ದರೆ ನನ್ನದೂ ಒಂದಿದೆ. ಆಣೆ ಇದ್ದದ್ದು ಜೀಪಿಗೆ, ನನಗಲ್ಲ. ಯಾವ ದಿನ ಬೇಕಾದರೂ ಬಸ್ಸು ಹತ್ತಿ ಅಕ್ಕನನ್ನು ನೋಡಲು ಬರಬಹುದಿತ್ತು. ನಟ್ಟು ಬಿಗಿದವನು ನಾನು ಎಂಬ ಸೊಕ್ಕಿನಲ್ಲಿ ಒಂಬತ್ತು ವರ್ಷ ಕೂತೆ. ಅಷ್ಟರಲ್ಲಿ ಆಕೆಯ ಕಿಡ್ನಿ ಹೋದವು. ಜ್ವರವೋ, ಬಾವೋ, ಒಂದು ಸಲವಾದರೂ ನಾನು ಕೇಳಲು ಬಂದಿದ್ದರೆ ಎಂದು ಈಗ ಅನಿಸುತ್ತದೆ. ನಿಮ್ಮ ಮಗಳು ಒಂದು ಕಾಗದ ಬರೆಯದಿದ್ದರೆ ಹಾಗೇ ಸತ್ತುಹೋಗುತ್ತಿದ್ದೆವು ನಾವೆಲ್ಲ.

ಗುರುವಾರ ಗ್ಯಾರೇಜು ಮುಚ್ಚುತ್ತೇನೆ. ಬೆಳಿಗ್ಗೆ ರಸ್ತೆಯ ಮೇಲೆ ನಿಂತಿರುತ್ತೇನೆ, ಜೀಪು ನಿಲ್ಲಿಸಲು ಮೌನಿಗೆ ಹೇಳಿ. ನಾನೂ ಯಾದಗಿರಿಗೆ ಹೋಗಿ ಅಕ್ಕನ ಮಗ್ಗುಲಲ್ಲಿ ಕೂಡುತ್ತೇನೆ. ಇನ್ನು ಪ್ರತಿ ಗುರುವಾರ ನನ್ನದು. ಸೋಮವಾರ ಕುರಿಗಳನ್ನು ಮರಿಲಿಂಗನ ಮನೆಯವರಿಗೆ ಒಪ್ಪಿಸಿ ನೀವು ಹೋಗಿ.

ಒಂದು ವರ್ಷದಿಂದ ಆ ಹುಡುಗಿ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಾಳೆ ಮಾವಾ. ಇನ್ನು ಆ ನಾಲ್ಕು ತಾಸು ಅವಳು ಮಲಗಲಿ.

ಬಸಲಿಂಗ